ಕೊಂಬಿನ ಇಳಿ

ಗದಗಿನ ಛಾಪಖಾನಿಯೊಳಗ ಇಪ್ಪತ್ತೇಳು ವರ್ಷ
ಮಂದಿ ತಪ್ಪು ತಿದ್ದಿ ಉಂಡಾವ ನಾನು.
ಲಗ್ನಪತ್ರಿಕೆ, ಸೊಸೈಟಿ ವರದಿ, ದಲಾಲರ ಪಾವತಿ ಪುಸ್ತಕ,
ಸತ್ತವರ ಹನ್ನೊಂದನೇ ದಿನದ ಕಾರ್ಡು.
ಒಂದು ಒತ್ತಕ್ಷರ ಜಾರಿದ್ರೂ
ಅನ್ನದಾಗಿನ ಹಳ್ಳಿನಂಗ ಹಲ್ಲಿಗೆ ಹತ್ತತಿತ್ತು.

ಆವತ್ತು ಕೋರ್ಟಿನ ಎದುರು ಬೇವಿನ ಬುಡಕ
ಬಾಂಡ್ ಬರಿಯೋ ಹುಡುಗ ಹಾಳಿ ಮುಂದ ಸರಿಸಿದ.
ಚಸ್ಮಾ ಏರಿಸಿ ಓದಿದೆ.
ಓದಿದೆ ಅಂದ್ರ, ನೋಡಿದೆ, ಅಕ್ಷರ ಅಕ್ಷರ.
'ಭಾಡಿಗೆ' ಅಂತ ಹೊಡದಿದ್ದ; ಸೀಳಿದ ಹೊಟ್ಟಿ ಹೊಲದೆ.
'ಮುರನೇ ಮಹಡಿ' ಅಂತಿತ್ತು.
ಮು-ಗೆ ಕೊಂಬಿನ ಇಳಿ ಎಳದು
ಅಂಚಿನ್ಯಾಗ ಸಣ್ಣ ಸಹಿ,
ಕೆಳಗ ದೊಡ್ಡ ಸಹಿ.
'ನಿಮ್ಮಂಗ ಓದಿ ಸಹಿ ಹಾಕವ್ರ ಇಲ್ರಿ ಕಾಕಾ' ಅಂದ ಹುಡುಗ.
ಉಬ್ಬಿ, ಅವಗ ಚಾ ಕುಡಿಸಿದೆ.

ನಾ ನೋಡಿದ್ದು ಕೆಳಗಿನ ಮನಿ.
ಮುಳಗುಂದ ನಾಕಾದ ಆಚೆ ಹೊಸಾ ಅಪಾರ್ಟ್‌ಮೆಂಟು,
ಬಾಗಲಾ ತಗದ್ರ ತುಳಸಿ ಇಡಾಕ ಜಾಗಾ,
ಒಂದೂ ಮೆಟ್ಟಲಾ ಇಲ್ಲ.
ಫಕೀರವ್ವನ ಮೊಣಕಾಲಿಗೆ ಅಂತನ ಹುಡುಕಿದ್ದು.

ಕೀಲಿ ಕೊಟ್ಟ ದಿನ ಅದು ಆ ಬಾಗಲಕ್ಕ ಹತ್ತಲಿಲ್ಲ.
ಒಳಗಿಂದ ಯಾರೋ 'ಯಾರ್ರೀ?' ಅಂದ್ರು.
ಹತ್ತಿದ್ದು ಐವತ್ನಾಲ್ಕು ಮೆಟ್ಟಲಾ ಮ್ಯಾಲ.
ಲಿಫ್ಟಿನ ಗುಂಡಿಯೊಳಗ ಮಳಿನೀರು, ಒಂಟಿ ಚಪ್ಪಲಿ.
ಫಕೀರವ್ವ ಹದಿನೆಂಟನೇದಕ್ಕ ಕುಂತಳು,
ಕೈಯಾಗ ಹಾಲಿನ ಗಿಂಡಿ.
'ಇಲ್ಲೇ ಉಕ್ಕಸ್ಲೇನು?'

ಮಾಲಕಳು ಶಂಕ್ರವ್ವ ಹೊಂಬಳ,
ಹೊಲಾ ಬಿಲ್ಡರಿಗೆ ಕೊಟ್ಟು ಎರಡು ಮನಿ ಇಸಗೊಂಡಾಕಿ.
'ಕೆಳಗಿಂದು ಮೈದುನನ ಮಗಗ ಕೊಟ್ಟೆ, ನಿಮಗ ಮ್ಯಾಲಿಂದು,
ಫೋನಿನ್ಯಾಗ ಹೇಳಿದ್ನೆಲ್ರಿ, ಹ್ಞೂಂ ಅಂದ್ರಿ.'
ಅಂದಿರಬೇಕು. ಮಷಿನ್ ಸಪ್ಪಳದಾಗ
ನಾ ಎಲ್ಲಾರಿಗೂ ಹ್ಞೂಂ ಅಂತೀನಿ.
'ತಪ್ಪಾಗೇತ್ರಿ' ಅಂದೆ.
ಆಕಿ ಹಾಳಿ ತಗದು ಆ ಇಳಿ ಮ್ಯಾಲ ಬಟ್ಟಿಟ್ಟಳು:
'ತಪ್ಪು ಇತ್ತು. ನೀವ ತಿದ್ದೀರಿ.'

'ಓದದ ಸಹಿ ಮಾಡಿದೆ ಅಂತ ಹೇಳು' ಅಂದ ವಕೀಲ.
ಹೆಂಗ ಹೇಳಲಿ?
ಮೂರು ವರ್ಷ ನಡುವ ಬಿಡೂ ಹಂಗಿಲ್ಲ ಅಂತ ಆರನೇ ಕಲಮು;
ಅದರಾಗ ಒಂದೂ ತಪ್ಪಿರಲಿಲ್ಲ,
ಅದಕ್ಕ ಕಣ್ಣು ಅಲ್ಲಿ ನಿಲ್ಲಲೇ ಇಲ್ಲ.

ನಾಕನೇ ಸಲ ಹೋದಾಗ ಶಂಕ್ರವ್ವ ಮೊಣಕಾಲಿನ ಮಾತು ಕೇಳಿದಳು,
ತನ್ನ ಮೊಣಕಾಲಿಂದೂ ಹೇಳಿದಳು. ಆಮ್ಯಾಲ:
'ಒಂದು ತಿಂಗಳ ಬಾಡಿಗಿ ಹಿಡಕೋತೀನಿ.
ಬಿಡೂ ಪತ್ರ ನೀವ ಬರಕೊಂಡು ಬರ್ರಿ.
ನನಗ ಬರಿಯಾಕ ಬರೂದಿಲ್ಲ,
ಓದಾಕ ಬರತೈತಿ, ಸಾವಕಾಶ.'

ರಾತ್ರಿ ಕುಂತು ಬರದೆ. ಒಂದು ಚುಕ್ಕಿ ತಪ್ಪಿಲ್ಲ.
ಆಕಿ ಬಟ್ಟು ಸರಿಸಿಗೋತ ಓದಿದಳು,
ಒಂದು ಮಾತು ಮುಗದ ಮ್ಯಾಲ ನಿಂತು
ಅದು ಏನು ಅಂತೈತಿ ಅಂತ ತನ್ನಷ್ಟಕ್ಕ ತಾನ ಕೇಳಿ
ಮುಂದಿನ ಮಾತಿಗೆ.
ಚಾ ಆರಿ ಕೆನಿ ಕಟ್ಟಿತು.
'ಮನಿ ಬಿಟ್ಟೆ ಅಂತ ಐತಿ, ಕೀಲಿ ಕೊಟ್ಟೆ ಅಂತ ಐತಿ.
ನಿಮ್ಮ ರೊಕ್ಕಾ ನಾ ತಿರುಗಿ ಕೊಡಬೇಕು ಅಂತ
ಎಲ್ಲೈತಿ ಮಾಸ್ತರ?'

ಇರಲಿಲ್ಲ.
ಮೂವತ್ತೈದು ಸಾವಿರ. ಬರಿಯೂದ ಮರತಿದ್ದೆ.
ಆಕಿ ಸುಮ್ಮನ ಸಹಿ ಹಾಕಬಹುದಿತ್ತು.
ಪೆನ್ನು ನನ್ನ ಕಡೆ ಉರುಳಿಸಿದಳು:
'ಅಂಚಿನ್ಯಾಗ ಬರದು ಸಣ್ಣ ಸಹಿ ಹಾಕ್ರಿ.
ನಿಮಗ ರೂಢಿ ಐತಿ.'

ಬೆಟಗೇರಿಯ ಹಳೇ ಬಾಡಿಗಿ ಮನಿಯೊಳಗ
ಇವತ್ತು ಆಕಿ ಕಾಲಿಗೆ ಎಣ್ಣಿ ತಿಕ್ಕಾಕತ್ತೀನಿ.
'ಆ ಗೀಟಿಗೆ ಏನಂತಾರ?' ಅಂತಾಳ ಫಕೀರವ್ವ.
'ಇಳಿ.'
'ಇಳಿ ಅಂತ ಬರದು ನನ್ನ ಏರಿಸಿದ್ರೆಲ್ಲ!'
ನಕ್ಕಾಗ ಮೊಣಕಾಲು ಅಲಗತೈತಿ,
ಎಣ್ಣಿ ನನ್ನ ಅಂಗಿಗೆ.